ಹುಟ್ಟುಗುಣವನ್ನು ಅಳೆಯಹೊರಟ ಗಾಲ್ಟನ್

ಹುಟ್ಟುಗುಣ ಸುಟ್ಟರೂ ಹೋಗದು ಎಂಬುದು ನಮ್ಮ ಹಿರಿಯರ ಗಾದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದೂ ಅವರದೇ ಗಾದೆ. ಸ್ವಭಾವವು ಹುಟ್ಟಿನೊಡನೆಯೇ ಬರುವುದೆಂದು ಮೊದಲನೆಯದು ಹೇಳಿದರೆ, ಎಳವೆಯ ಪಾಲನೆಯೇ ಅದನ್ನು ತಿದ್ದುವುದೆಂದು ಎರಡನೆಯದು ಸಾರುತ್ತದೆ. ಒಬ್ಬನು ಮುಂಗೋಪಿಯೂ ಕಲಹಪ್ರಿಯನೂ ಆಗುವುದು ವಂಶದಿಂದಲೋ, ಬೆಳೆದ ಮನೆಯಿಂದಲೋ? ಇಂತಹ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಲು ಅವಳಿ ಮಕ್ಕಳ ಜೀವನವನ್ನು ಆರಿಸಿಕೊಂಡವರಲ್ಲಿ ಇಂಗ್ಲೆಂಡಿನ ಸರ್ ಫ್ರಾನ್ಸಿಸ್ ಗಾಲ್ಟನ್ ಮೊದಲಿಗನು. ಆ ದಾರಿಯಲ್ಲಿ ಎಡವಿದವನೂ ಅವನೇ.

ಗಾಲ್ಟನ್ 1822ನೆಯ ಫೆಬ್ರವರಿ 16ರಂದು ಬರ್ಮಿಂಗ್‌ಹ್ಯಾಮ್ ನಗರದ ಬಳಿ ಸಿರಿವಂತ ಮನೆತನದಲ್ಲಿ ಜನಿಸಿದನು. ತಂದೆಯು ಬ್ಯಾಂಕಿನ ವ್ಯವಹಾರಸ್ಥ. ತಾಯಿಯ ತಂದೆ ಇರಾಸ್ಮಸ್ ಡಾರ್ವಿನ್ ಪ್ರಸಿದ್ಧ ವೈದ್ಯ. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ನನೂ ಆ ವೈದ್ಯನ ಮೊಮ್ಮಗನೇ. ಅಕ್ಕ ಅಡೀಲ್ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕಲಿಸಿದುದರಿಂದ, ಐದು ವರ್ಷ ತುಂಬುವ ಮೊದಲೇ ಬಾಲಕನು ಪುಸ್ತಕಗಳನ್ನು ಓದಬಲ್ಲವನಾದನು. ಮುಂದೆ ವೈದ್ಯಶಾಸ್ತ್ರವನ್ನೂ, ಕೇಂಬ್ರಿಜ್ಜಿನಲ್ಲಿ ಗಣಿತವನ್ನೂ ಅಭ್ಯಸಿಸಿದನು. 1844ರಲ್ಲಿ ತಂದೆ ತೀರಿಕೊಂಡಾಗ ದೊಡ್ಡ ಆಸ್ತಿ ಕೈಸೇರಿತು. ಹೊಟ್ಟೆಪಾಡಿನ ಚಿಂತೆ ಇಲ್ಲವಾಯಿತು.

ಯಾವುದನ್ನು ಕಂಡರೂ ಎಣಿಸಬೇಕು, ಅಳೆಯಬೇಕು ಎಂಬುದು ಅವನ ಜೀವನದ ವ್ರತವಾಗಿತ್ತು. 1850ರಿಂದ ಎರಡು ವರ್ಷ ನೈಋತ್ಯ ಆಫ್ರಿಕದಲ್ಲಿ ಸಂಚರಿಸಿ ಭೂಪಟಗಳನ್ನು ರಚಿಸಿದನು. ಅವನು ಸಿದ್ಧಪಡಿಸಿದ ಹವಾಮಾನ ನಕ್ಷೆಯು 1875ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ಬೆರಳಚ್ಚುಗಳನ್ನು ವರ್ಗೀಕರಿಸಿ 1892ರಲ್ಲಿ ಗ್ರಂಥ ಬರೆದನು. ಇಂದು ನಮ್ಮ ರೈತನು ನೋಂದಣಿ ಕಚೇರಿಯಲ್ಲಿ ಒತ್ತುವ ಹೆಬ್ಬೆಟ್ಟಿನ ಗುರುತಿನ ಹಿಂದೆ ಅವನ ದುಡಿಮೆಯೂ ಇದೆ.

ವಂಶದ ಪ್ರಶ್ನೆ ಮಾತ್ರ ಅವನನ್ನು ಕಡೆಯವರೆಗೂ ಬಿಡಲಿಲ್ಲ. ಪ್ರತಿಭೆಯು ಮನೆತನದಲ್ಲಿ ಹರಿದುಬರುವುದೆಂದು 1869ರಲ್ಲಿ ಒಂದು ಗ್ರಂಥದಲ್ಲಿ ವಾದಿಸಿದನು. ಮನೆತನದೊಡನೆ ಸಿರಿಯೂ ಶಿಕ್ಷಣವೂ ಹರಿದುಬರುತ್ತವೆಯಲ್ಲವೇ ಎಂಬ ಆಕ್ಷೇಪವೆದ್ದಿತು. ಹುಟ್ಟನ್ನೂ ಪಾಲನೆಯನ್ನೂ ಬೇರ್ಪಡಿಸುವ ಉಪಾಯವನ್ನು ಅರಸುತ್ತ ಅವನು ಅವಳಿಗಳತ್ತ ತಿರುಗಿದನು. ಅವಳಿಗಳಿಗೂ ಅವರ ಬಂಧುಗಳಿಗೂ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು 1875ರಲ್ಲಿ ಪ್ರಕಟಿಸಿದನು. ಬಾಲ್ಯದಲ್ಲಿ ಒಂದೇ ಅಚ್ಚಿನಂತಿದ್ದವರು ಬೇರೆ ಬೇರೆ ಬಾಳನ್ನು ಬಾಳಿದರೂ ಬಹುಮಟ್ಟಿಗೆ ಹಾಗೆಯೇ ಉಳಿದಿದ್ದರು. ಮೊದಲಿನಿಂದ ಭಿನ್ನರಾಗಿದ್ದವರು ಒಂದೇ ಪಾಲನೆ ಪಡೆದರೂ ಒಂದೇ ಬಗೆಯವರಾಗಲಿಲ್ಲ. ಪಾಲನೆಗಿಂತ ಹುಟ್ಟೇ ಮೇಲೆಂದು ಅವನು ತೀರ್ಮಾನಿಸಿದನು. ಒಂದೇ ದೇಶದ, ಒಂದೇ ಅಂತಸ್ತಿನ ಜನರಲ್ಲಿ ಕಾಣುವಷ್ಟೇ ಪಾಲನೆಯ ವ್ಯತ್ಯಾಸವಿದ್ದಾಗ ಮಾತ್ರ ಈ ಮಾತು ಸಲ್ಲುವುದೆಂದು ಎಲ್ಲೆಯನ್ನೂ ಹಾಕಿದನು. ಆ ಎಲ್ಲೆಯನ್ನು ಮುಂದೆ ಅವನೇ ಮರೆತನು.

ಅವನ ಉಪಾಯವು 1924ರಲ್ಲಿ ಸ್ಪಷ್ಟ ರೂಪ ಪಡೆಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಬಹುತೇಕ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಾದರೋ ಸಾಮಾನ್ಯ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟನ್ನು ಹಂಚಿಕೊಂಡವರು. ಇಬ್ಬಗೆಯವರೂ ಒಂದೇ ಮನೆಯಲ್ಲಿ ಬೆಳೆಯುತ್ತಾರೆ. ಆದುದರಿಂದ ಯಾವುದಾದರೂ ಗುಣದಲ್ಲಿ ಮೊದಲನೆಯವರು ಹೆಚ್ಚು ಹೋಲಿದರೆ ಅಲ್ಲಿ ವಂಶದ ಕೈವಾಡವಿದೆಯೆಂದು ಊಹಿಸಬಹುದು. ಜರ್ಮನಿಯ ಯೋಹಾನ್ಸ್ ಲಾಂಗೆ 1929ರಲ್ಲಿ ಸೆರೆಮನೆಯ ಅವಳಿಗಳನ್ನು ಹೀಗೆ ಪರಿಶೀಲಿಸಿ, ಅಪರಾಧವು ವಿಧಿಲಿಖಿತವೆಂಬ ಅರ್ಥದ ಹೆಸರಿಟ್ಟು ಪುಸ್ತಕ ಬರೆದನು. ಅವನು ನೋಡಿದುದು ಕೇವಲ 30 ಜೊತೆಗಳನ್ನು. ಆಮೇಲೆ ಡೆನ್ಮಾರ್ಕಿನ ಕ್ರಿಸ್ಟಿಯಾನ್ಸನ್ 3,586 ಜೊತೆಗಳ ದಾಖಲೆಯನ್ನು ಪರಿಶೀಲಿಸಿದನು. ಗಂಡು ಅವಳಿಗಳಲ್ಲಿ ಒಬ್ಬನು ಅಪರಾಧಿಯಾಗಿದ್ದಾಗ ಇನ್ನೊಬ್ಬನೂ ಹಾಗಾದುದು ಏಕಾಂಡ ಅವಳಿಗಳಲ್ಲಿ ನೂರಕ್ಕೆ ಸುಮಾರು 35. ಉಳಿದವರಲ್ಲಿ ಸುಮಾರು 13. ವಂಶದ ಪ್ರಭಾವ ಇದೆಯೆಂಬುದು ಇದರಿಂದ ತಿಳಿಯುತ್ತದೆ. ಆದರೆ ಒಂದೇ ವಂಶವಾಹಿಗಳಿದ್ದರೂ ನೂರರಲ್ಲಿ 65 ಜೊತೆಗಳಲ್ಲಿ ಇನ್ನೊಬ್ಬನು ಆ ದಾರಿ ಹಿಡಿಯಲಿಲ್ಲವೆಂಬುದೂ ಅಷ್ಟೇ ಸತ್ಯ.

ಜನರ ಆಕ್ರಮಣಶೀಲತೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧ ಭಾಗ ವಂಶಕ್ಕೆ ಸೇರಿದುದೆಂದು ಇಂದಿನ ಅವಳಿ ಅಧ್ಯಯನಗಳು ಅಂದಾಜು ಮಾಡುತ್ತವೆ. ಒಬ್ಬನ ಕೋಪದಲ್ಲಿ ಅರ್ಧ ರಕ್ತದ್ದು, ಅರ್ಧ ಮನೆಯದ್ದು ಎಂದು ಇದರ ಅರ್ಥವಲ್ಲ. ರಾಯಚೂರು ಜಿಲ್ಲೆಯ ಕಲ್ಲೂರಿನ ಕಡೆಯ ರೈತನೊಬ್ಬನು ಒಂದೇ ರಾಶಿಯ ಜೋಳವನ್ನು ಎರೆ ಹೊಲದಲ್ಲೂ ಮಸಾರಿ ಹೊಲದಲ್ಲೂ ಬಿತ್ತಿದನೆನ್ನಿ. ಒಂದೇ ಹೊಲದ ತೆನೆಗಳು ಹೆಚ್ಚುಕಡಿಮೆಯಾದುದಕ್ಕೆ ಬೀಜವು ಕಾರಣವಾಗಿರಬಹುದು. ಎರಡು ಹೊಲಗಳ ಬೆಳೆಯಲ್ಲಿನ ಅಂತರಕ್ಕೆ ಮಣ್ಣು ನೀರುಗಳೇ ಕಾರಣವಾಗಬಹುದು. ಮನುಷ್ಯರ ವಿಷಯವೂ ಹಾಗೆಯೇ.

ಗಾಲ್ಟನ್ ಈ ವಿವೇಕವನ್ನು ಉಳಿಸಿಕೊಳ್ಳಲಿಲ್ಲ. ಉತ್ತಮ ವಂಶದವರು ಹೆಚ್ಚಬೇಕು, ಉಳಿದವರು ಕುಗ್ಗಬೇಕು ಎಂಬ ಸುಸಂತಾನವಾದಕ್ಕೆ 1883ರಲ್ಲಿ ಹೆಸರಿಟ್ಟು ಅದನ್ನೇ ಪ್ರಚಾರಮಾಡಿದನು. 1909ರಲ್ಲಿ ಸರ್ ಪದವಿ ಪಡೆದು, 1911ನೆಯ ಜನವರಿ 17ರಂದು ತೀರಿಕೊಂಡನು. ಆ ವಾದವನ್ನು ಹಿಡಿದು ಜರ್ಮನಿಯ ನಾಜಿ ಸರ್ಕಾರವು 1933ರಲ್ಲಿ ಕಾಯಿದೆ ಮಾಡಿ ಸುಮಾರು 4 ಲಕ್ಷ ಜನರನ್ನು ಬಲಾತ್ಕಾರದಿಂದ ಸಂತಾನಹೀನರನ್ನಾಗಿಸಿತು.

ನಮ್ಮ ನಾಡೂ ಇಂತಹ ತಪ್ಪೆಣಿಕೆಯ ನೋವನ್ನು ಉಂಡಿದೆ. ಬ್ರಿಟಿಷರು 1871ರ ಕಾಯಿದೆಯಿಂದ ಕೆಲವು ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡಿದರು. ಹುಬ್ಬಳ್ಳಿಯಲ್ಲಿಯೂ ಅಂತಹವರನ್ನು ಕಾವಲಿನಲ್ಲಿರಿಸಿದ ಸೆಟ್ಲ್‌ಮೆಂಟ್ ಇತ್ತು. ಅಲ್ಲಿ ಹುಟ್ಟಿದ ಕೂಸು ಕಣ್ಣು ತೆರೆಯುವ ಮೊದಲೇ ಕಳಂಕವನ್ನು ಹೊರಬೇಕಾಗಿತ್ತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಿತು.

ಅಕ್ಕನ ವಾತ್ಸಲ್ಯ, ತಂದೆಯ ಸಿರಿ, ಒಳ್ಳೆಯ ಶಾಲೆ ಇವು ತನ್ನನ್ನು ಬೆಳೆಸಿದುವೆಂಬುದನ್ನು ಎಲ್ಲವನ್ನೂ ಅಳೆದ ಗಾಲ್ಟನ್ ಅಳೆಯಲಿಲ್ಲ. ಅವನು ತೋರಿದ ದಾರಿಯನ್ನು ಜಗತ್ತು ಉಳಿಸಿಕೊಂಡಿದೆ. ಅವನ ಆತುರದ ತೀರ್ಪನ್ನು ಕೈಬಿಟ್ಟಿದೆ. ಏಕಾಂಡ ಅವಳಿಗಳ ಬೆರಳಚ್ಚುಗಳು ಕೂಡ ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ. ಹೀಗಿರುವಾಗ ಯಾವ ಮಗುವಿನ ಬಾಳನ್ನೂ ಅದರ ಕುಲವನ್ನು ನೋಡಿ ಮೊದಲೇ ಬರೆದಿಡುವುದು ನ್ಯಾಯವಲ್ಲ.