ಜಪಸರ ಧರಿಸಿದ ಭಿಕ್ಷುಕ

ಚರ್ಚಿಗೆ ಬರುವುದನ್ನು ನಿಲ್ಲಿಸಿದ ಕುಟುಂಬವೊಂದು ನಿಮ್ಮ ಬೀದಿಯಲ್ಲೂ ಇರಬಹುದು. ಯಾವುದೋ ಮನಸ್ತಾಪ, ಯಾವುದೋ ಸಂಕೋಚ, ಇಲ್ಲವೇ ಸುಮ್ಮನೆ ಅಭ್ಯಾಸ ತಪ್ಪಿಹೋಗಿರುತ್ತದೆ. ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಮಳೆ ಬೆಳೆ, ಮಕ್ಕಳ ಓದು ಎಲ್ಲವನ್ನೂ ಮಾತಾಡುತ್ತೇವೆ. ಭಾನುವಾರದ ಬಲಿಪೂಜೆಗೆ ಜೊತೆಯಲ್ಲೇ ಹೋಗೋಣ ಎಂಬ ಒಂದು ಮಾತು ಮಾತ್ರ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಅವರು ಏನೆಂದುಕೊಂಡಾರೋ ಎಂಬ ಅಂಜಿಕೆ ನಮಗೆ. ಈ ಅಂಜಿಕೆಯುಳ್ಳವರು ಸಂತ ಜೋಸೆಫ್ ವಾಜ್ ಅವರ ಬದುಕನ್ನು ಒಮ್ಮೆ ಓದಬೇಕು.

1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ, ತಾವು ಮಾತೆ ಮರಿಯಮ್ಮನವರ ಗುಲಾಮರೆಂದು ಪತ್ರವನ್ನೇ ಬರೆದು ತಮ್ಮನ್ನು ಒಪ್ಪಿಸಿಕೊಂಡರು. 1681ರಲ್ಲಿ ಅವರನ್ನು ನಮ್ಮ ಕೆನರಾ ಕರಾವಳಿಗೆ ಕಳುಹಿಸಲಾಯಿತು. ಪೋರ್ಚುಗೀಸರ ಅಧಿಕಾರಕ್ಕೆ ಒಳಪಟ್ಟ ಗುರುಗಳಿಗೂ ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರಿಗೂ ಆಗ ಇಲ್ಲಿ ದೊಡ್ಡ ತಿಕ್ಕಾಟ. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಕಂಗಾಲಾಗಿದ್ದರು. ಫಾದರ್ ವಾಜ್ ಜಗಳವನ್ನು ಬೆಳೆಸಲಿಲ್ಲ. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಕಡೆಗಳಲ್ಲಿ ಬರಿಗಾಲಲ್ಲಿ ನಡೆದು, ಚದುರಿದ್ದ ಜನರನ್ನು ಮತ್ತೆ ಪೂಜಾಪೀಠದ ಸುತ್ತ ಕೂಡಿಸಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡ ಅವರ ನೆನಪಿನ ಯಾತ್ರಾಸ್ಥಳವಾಗಿರುವುದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ.

1684ರಲ್ಲಿ ಅವರು ಗೋವೆಗೆ ಮರಳಿದರು. ಅವರ ಮನಸ್ಸು ಮಾತ್ರ ಶ್ರೀಲಂಕೆಯ ಕಡೆಗಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಹೊರದೂಡಿ, ಕಥೋಲಿಕ ಗುರುಗಳನ್ನು ಓಡಿಸಿ, ಬಲಿಪೂಜೆಯನ್ನು ನಿಷೇಧಿಸಿದ್ದರು. ಮೂವತ್ತು ವರ್ಷ ಗುರುಗಳಿಲ್ಲದ ಧರ್ಮಸಭೆ! ಕೊನೆಯ ಬಲಿಪೂಜೆಯಲ್ಲಿ ತಾಯಿಯ ಕಂಕುಳಲ್ಲಿದ್ದ ಮಗು ಅಷ್ಟರಲ್ಲಿ ತಾನೇ ತಾಯಿಯಾಗಿರುವಷ್ಟು ಕಾಲ.

1687ರಲ್ಲಿ ಫಾದರ್ ವಾಜ್ ಕೂಲಿಯವರ ವೇಷದಲ್ಲಿ, ಜಾನ್ ಎಂಬ ಯುವಕನೊಡನೆ ಜಾಫ್ನಾಕ್ಕೆ ಬಂದಿಳಿದರು. ಪ್ರಯಾಣದಲ್ಲೇ ಹಸಿವು, ಕಾಯಿಲೆ. ಅವರ ಆಮಶಂಕೆ ಊರಿಗೆಲ್ಲಾ ಅಂಟೀತೆಂದು ಹೆದರಿದ ಜನ ಇಬ್ಬರನ್ನೂ ಊರಾಚೆಯ ಕಾಡಿನ ಗುಡಿಸಲಿಗೆ ಸಾಗಿಸಿದರು. ಒಬ್ಬ ಹೆಂಗಸು ಗಂಜಿ ತಂದುಕೊಟ್ಟದ್ದರಿಂದ ಅವರ ಜೀವ ಉಳಿಯಿತು.

ಚೇತರಿಸಿಕೊಂಡ ಮೇಲೆ ನಿಜವಾದ ಕಷ್ಟ ಎದುರಾಯಿತು. ಕಥೋಲಿಕರನ್ನು ಕಂಡುಹಿಡಿಯುವುದು ಹೇಗೆ? ಅವರೆಲ್ಲರೂ ಹೊರಗೆ ಡಚ್ಚರ ಮತದವರಂತೆ ನಡೆದುಕೊಳ್ಳುತ್ತಿದ್ದರು. ತಪ್ಪು ಮನೆಯಲ್ಲಿ ಬಾಯಿಬಿಟ್ಟರೆ ತಮಗೂ ಕೇಡು, ಆಶ್ರಯ ಕೊಟ್ಟವರಿಗೂ ಕೇಡು. ಅವರು ಕಂಡುಕೊಂಡ ಉಪಾಯವನ್ನು ನೋಡಿ. ಎಲ್ಲರಿಗೂ ಕಾಣುವಂತೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೂ ಭಿಕ್ಷೆಗೆ ಹೊರಟರು! ಬಾಯಿಂದ ಕೇಳಿದ್ದು ಅನ್ನ ಮಾತ್ರ. ಉಳಿದದ್ದನ್ನು ಜಪಸರ ಕೇಳುತ್ತಿತ್ತು. ಎಷ್ಟೋ ಮಂದಿ ಅದನ್ನು ಲಕ್ಷಿಸಲಿಲ್ಲ, ಕೆಲವರು ಮುಖ ಸಿಂಡರಿಸಿದರು. ಆದರೆ ಯಾರ ಕಣ್ಣು ಆ ಮಣಿಗಳ ಮೇಲೆ ನಿಂತಿತೋ ಅವರ ಮನೆಯನ್ನು ಅವರು ಮರೆಯಲಿಲ್ಲ. ಆ ಮನೆಯವರಿಗೂ ಅನುಮಾನ. ಇವನು ಡಚ್ಚರ ಬೇಹುಗಾರನಾಗಿದ್ದರೆ? ಪರೀಕ್ಷಿಸಿ, ನಂಬಿಕೆ ಬಂದ ಮೇಲೆಯೇ ಅವರು ತಮ್ಮ ಗುಟ್ಟನ್ನು ತೆರೆದರು. ಫಾದರ್ ವಾಜ್ ತಾವು ಗುರುವೆಂದು ತಿಳಿಸಿದರು.

ಮುಂದಿನದನ್ನು ಮಾಡಿದವರು ಶ್ರೀಸಾಮಾನ್ಯರು. ಪರದೇಶದ ಗುರುವಿಗೆ ಊರಿನ ಒಳಹೊರಗು ಏನು ಗೊತ್ತು? ಯಾವ ಮನೆಯನ್ನು ನಂಬಬಹುದು, ಯಾವ ಮಗುವಿಗೆ ಜ್ಞಾನಸ್ನಾನವಾಗಿಲ್ಲ, ಸಾಯುವ ಮೊದಲು ಪಾಪನಿವೇದನೆಗೆ ಯಾರು ಹಂಬಲಿಸುತ್ತಿದ್ದಾರೆ ಎಂಬುದು ನೆರೆಯವರಿಗೆ ಗೊತ್ತು. ಅವರೇ ಕಿವಿಯಿಂದ ಕಿವಿಗೆ ಸುದ್ದಿ ಮುಟ್ಟಿಸಿದರು. ಸಿಲ್ಲಾಲೆ ಗ್ರಾಮ ಅವರ ನೆಲೆಯಾಯಿತು. ಕತ್ತಲಾದ ಮೇಲೆ ಬಲಿಪೂಜೆ, ಬೆಳಗಾಗುವ ಮುನ್ನ ಎಲ್ಲರೂ ತಂತಮ್ಮ ಮನೆಗೆ. ನಮ್ಮಲ್ಲಿ ಮೈಕಿನಲ್ಲಿ ಕರೆದರೂ ಹಿಂದಿನ ಬೆಂಚು ತುಂಬುವುದು ಕಷ್ಟ. ಅಲ್ಲಿ ಪಿಸುಮಾತಿಗೆ ಜನ ಸೇರಿದರು.

ಅದಕ್ಕೆ ಬೆಲೆಯನ್ನೂ ತೆತ್ತರು. 1689ರ ಕ್ರಿಸ್ಮಸ್ ರಾತ್ರಿ ಜಾಫ್ನಾದಲ್ಲಿ ಬಲಿಪೂಜೆಗೆ ಸೇರಿದ್ದ ಜನರ ಮೇಲೆ ಡಚ್ಚರ ಸೈನಿಕರು ಎರಗಿದರು. ಸುಮಾರು 300 ಮಂದಿ ಸೆರೆಸಿಕ್ಕರು. ಡಚ್ಚರ ಮತವನ್ನು ಬಿಟ್ಟು ಕಥೋಲಿಕರಾಗಿದ್ದವರಿಗೆ ಕ್ರೂರವಾಗಿ ಚಾಟಿಯೇಟು ಬಿತ್ತು; ಒಬ್ಬರು ಅದರಿಂದಲೇ ಪ್ರಾಣಬಿಟ್ಟರು. ಗುರುಗಳು ಮಾತ್ರ ಅವರ ಕೈಗೆ ಸಿಗಲಿಲ್ಲ. ಓದುಗರೇ, ಆ ರಾತ್ರಿ ನೆರೆಮನೆಯವರನ್ನು ಬಲಿಪೂಜೆಗೆ ಕರೆದವರನ್ನು ನೆನೆದುಕೊಳ್ಳಿ. ನಮಗೆ ಇರುವುದು ಮುಜುಗರದ ಭಯವಷ್ಟೇ.

1692ರಲ್ಲಿ ಫಾದರ್ ವಾಜ್ ಬೌದ್ಧ ಅರಸರ ಕ್ಯಾಂಡಿಗೆ ಹೋದರು. ಪೋರ್ಚುಗೀಸರ ಬೇಹುಗಾರನೆಂಬ ದೂರಿನ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಅಲ್ಲಿ ಸಿಂಹಳ ಕಲಿತರು. ಕಾವಲು ಸಡಿಲಾದ ಮೇಲೆ ಸಣ್ಣದೊಂದು ಗುಡಿಸಲನ್ನೇ ದೇವಾಲಯ ಮಾಡಿಕೊಂಡರು. 1697ರಲ್ಲಿ ಸಿಡುಬು ಹಬ್ಬಿತು. ಸ್ವಂತ ಮನೆಯವರೇ ರೋಗಿಗಳನ್ನು ಬಿಟ್ಟು ಓಡಿಹೋದಾಗ ಅವರೂ ಜೊತೆಗಾರ ಗುರುಗಳೂ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣುಮಾಡಿದರು. ಕ್ರೈಸ್ತರು, ಬೌದ್ಧರು ಎಂಬ ಭೇದ ಮಾಡಲಿಲ್ಲ. ಗಂಜಿಯ ಬಟ್ಟಲಿನ ಜೊತೆ ಯಾವ ಷರತ್ತನ್ನೂ ಇಡಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕರೆಯುವುದೇ ಬೇರೆ, ಸೆಳೆಯುವುದೇ ಬೇರೆ.

ತಾವು ಹೋಗಲಾಗದ ಊರುಗಳಲ್ಲಿ ಅವರು ಅಣ್ಣಾವಿ ಎಂಬ ಉಪದೇಶಿಗಳನ್ನು ನೇಮಿಸಿದರು. ಗುರುಗಳು ಬಾರದ ತಿಂಗಳುಗಳಲ್ಲಿ ಜನರನ್ನು ಪ್ರಾರ್ಥನೆಗೆ ಕರೆದು ಕೂಡಿಸುತ್ತಿದ್ದವರು ಇವರೇ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಫಾದರ್ ವಾಜ್ ಪ್ರಭುವಿನಲ್ಲಿ ನಿದ್ರಿಸಿದರು. ಒಮ್ಮೆ ಹೊರಟು ಬಂದ ಗೋವೆಗೆ ಅವರು ಮತ್ತೆ ಹೋಗಲೇ ಇಲ್ಲ.

2015ರ ಜನವರಿ 14ರಂದು ಕೊಲಂಬೊದ ಕಡಲತೀರದ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸರು ಅವರಿಗೆ ಸಂತ ಪದವಿ ನೀಡಿದರು. ಅಂದು ಅಲ್ಲಿ ತಮಿಳರೂ ಸಿಂಹಳೀಯರೂ ಲಕ್ಷಾಂತರ ಸಂಖ್ಯೆಯಲ್ಲಿ, ಹಾಡುಹಗಲಲ್ಲೇ, ಒಂದೇ ಬಲಿಪೂಜೆಗೆ ಸೇರಿದ್ದರು.