ರೈತನ ವೇಷ ಹಾಕಿದ ವಕೀಲ: ಬಳ್ಳಾರಿ ರಾಘವ ಯಾರ ಸ್ವತ್ತು?

ಕುಡತಿನಿಯಿಂದ ಬಸ್ಸು ಹತ್ತಿ ಬಳ್ಳಾರಿಗೆ ಹೋಗುವಾಗೆಲ್ಲ ರಾಘವ ಕಲಾಮಂದಿರದ ಹೆಸರು ಕೇಳ್ತಿದ್ದೆ. ನಾಟಕ, ಸಭೆ ನಡೆಯೋ ಒಂದು ಕಟ್ಟಡ, ಅಷ್ಟೇ ಅಂದ್ಕೊಂಡಿದ್ದೆ. ಆ ರಾಘವ ಯಾರು ಅಂತ ಹುಡುಕಿದ್ದು, ಕೈಗಾರಿಕೆಗೆ ಭೂಮಿ ಕೊಟ್ಟ ನಮ್ಮೂರಿನ ರೈತರು ನ್ಯಾಯವಾದ ಬೆಲೆಗಾಗಿ ಧರಣಿ ಕೂತ ಮೇಲೆ.

ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ರಾಘವಾಚಾರ್ಯರು ಮದ್ರಾಸಿನಲ್ಲಿ ಕಾನೂನು ಓದಿ, ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದರು. ಹಗಲು ಕೋರ್ಟು, ರಾತ್ರಿ ರಂಗಭೂಮಿ. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು ಇಲ್ಲಿ ಸರಸ ವಿನೋದಿನಿ ಸಭಾ ಕಟ್ಟಿದ್ದರು. ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಕೂಡ ಇದೇ ಊರಿನದು. ನಾಟಕವೆಂದರೆ ಪದ್ಯ ಎಳೆದೆಳೆದು ಹಾಡೋದು ಅನ್ನೋ ಕಾಲ ಅದು. ರಾಘವರಿಗೆ ಹಾಡಿಗಿಂತ ಮಾತು, ಮುಖ, ಮೌನ ಮುಖ್ಯ. ಸ್ತ್ರೀ ಪಾತ್ರವನ್ನ ಹೆಣ್ಣುಮಕ್ಕಳೇ ಮಾಡಬೇಕು ಅಂತ ಪಟ್ಟು ಹಿಡಿದರು. ಸಭ್ಯ ಮನೆಯ ಹೆಂಗಸು ರಂಗ ಹತ್ತಬಾರದು ಅಂತಿದ್ದ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿ ನಾಟಕಗಳಲ್ಲಿ ನಟಿಸಿದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ಬರ್ನಾರ್ಡ್ ಶಾ ಅವರನ್ನು ಕಂಡು ಬಂದರು.

ಸಿನಿಮಾಕ್ಕೆ ಬಂದಾಗ ಅವರಿಗೆ ಐವತ್ತು ದಾಟಿತ್ತು. 1936ರ 'ದ್ರೌಪದಿ ಮಾನಸಂರಕ್ಷಣಂ' ಗೆಲ್ಲಲಿಲ್ಲ. ಆದರೆ 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ 'ರೈತು ಬಿಡ್ಡ' ತೆಗೆದರು, ಅಂದರೆ ರೈತನ ಮಗ. ಸಾಲದಲ್ಲಿ ಸಿಕ್ಕಿಬಿದ್ದ ಸಣ್ಣ ರೈತ ನರಸಿ ರೆಡ್ಡಿಯಾಗಿ ರಾಘವ ನಿಂತರು. ಚುನಾವಣೆಯಲ್ಲಿ ಜಮೀನ್ದಾರನ ಕಡೆಯವರಿಗೆ ಓಟು ಹಾಕಲ್ಲ ಅನ್ನೋದೇ ಆತನ ಅಪರಾಧ. ತಮಾಷೆ ನೋಡಿ, ಚಿತ್ರದ ಹಿಂದಿದ್ದ ಹಣ ಚಲ್ಲಪಲ್ಲಿಯ ಜಮೀನ್ದಾರರದ್ದು! ಆದರೂ ಬೇರೆ ಜಮೀನ್ದಾರರು ಸಿಟ್ಟಾದರು, ಬ್ರಿಟಿಷ್ ಆಡಳಿತ ನಿಷೇಧ ಹೇರಿತು. ಮುಂದಿನ ವರ್ಷ 'ಚಂಡಿಕಾ'. ಅಲ್ಲಿಗೆ ಮೂರೇ ಚಿತ್ರ. 1946ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಏಳು ವರ್ಷದ ನಂತರ, 1953ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ರಾಘವ ತೆಲುಗಿನವರೋ ಕನ್ನಡದವರೋ ಅನ್ನೋ ಎಳೆದಾಟ ಶುರುವಾಯ್ತು. ಎರಡೂ ಭಾಷೆ ಒಂದೇ ಉಸಿರಲ್ಲಿ ಆಡುವ ನಮ್ಮ ಕಡೆ ಈ ಪ್ರಶ್ನೆಯೇ ವಿಚಿತ್ರ.

ರಾಘವರನ್ನು ಹೋರಾಟಗಾರ ಅಂತ ಕರೆಯಲಾರೆ. ಅವರು ನಾಲ್ಕು ಕಾಸು ಕಂಡ ವಕೀಲರು. ಹೊಲದ ಮಣ್ಣು ಅವರ ಕೈಗೆ ಅಂಟಿದ್ದು ವೇಷದಲ್ಲಿ ಮಾತ್ರ. ಆದರೆ ರೈತನ ಒಂದು ಓಟಿಗೆ ಸರ್ಕಾರ ಬೆದರುತ್ತೆ ಅನ್ನೋದನ್ನ ಆ ವೇಷ ತೋರಿಸಿತು. ಹೆಸರನ್ನ ಕಟ್ಟಡಕ್ಕೆ ಇಟ್ಟು, ಪಾತ್ರವನ್ನ ಮರೆತಿದ್ದೀವಿ. ಕುಡತಿನಿಯ ಶಾಮಿಯಾನದಡಿ ಕೂತ ಅಜ್ಜಂದಿರ ಮುಖದಲ್ಲಿ ನನಗೆ ಕಂಡಿದ್ದು ಆ ನರಸಿ ರೆಡ್ಡಿಯೇ. ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ ನಾವು ಆ ಪಾತ್ರವನ್ನ ನೆನಪಿಸಬೇಕು.