ವಜ್ರದ ನೆರೆಹೊರೆಯನ್ನರಿತ ಹಂಬೋಲ್ಟರು

ಅಲೆಕ್ಸಾಂಡರ್ ಫಾನ್ ಹಂಬೋಲ್ಟರೆಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಭೂಗೋಳದ ಪುಸ್ತಕದಲ್ಲಿ ಬರುವ ಶೀತಪ್ರವಾಹ. ಈ ಮಹನೀಯರು ಮೊದಲು ಗಣಿಯ ಅಧಿಕಾರಿಗಳಾಗಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1769ನೆಯ ಇಸವಿ ಸೆಪ್ಟೆಂಬರ್ 14ರಂದು ಬರ್ಲಿನ್ ನಗರದಲ್ಲಿ ಇವರ ಜನನವಾಯಿತು. ಅಣ್ಣಂದಿರಾದ ವಿಲ್ಹೆಲ್ಮರು ಸಂಸ್ಕೃತವನ್ನು ಕಲಿತು ಭಗವದ್ಗೀತೆಯನ್ನು ಕುರಿತು ಪ್ರಬಂಧ ರಚಿಸಿದ ವಿದ್ವಾಂಸರು. ತಮ್ಮಂದಿರ ಒಲವು ಕಲ್ಲುಮಣ್ಣುಗಳತ್ತ ಹರಿಯಿತು. 1791ರಲ್ಲಿ ಫ್ರೈಬರ್ಗಿನ ಗಣಿವಿದ್ಯಾಲಯವನ್ನು ಸೇರಿ, ವೆರ್ನರ್ ಎಂಬ ಪ್ರಸಿದ್ಧ ಗುರುಗಳಲ್ಲಿ ಖನಿಜಶಾಸ್ತ್ರವನ್ನು ಅಭ್ಯಾಸಮಾಡಿದರು. ಖನಿಜಗಳು ಹೆಚ್ಚಾಗಿ ಒಂಟಿಯಾಗಿರುವುದಿಲ್ಲ; ಸೀಸದ ಅದಿರಿದ್ದೆಡೆ ಸತುವಿನ ಅದಿರು ಜೊತೆಗಿರುವುದುಂಟು. ಸಹಚರರು ಕಂಡಲ್ಲಿ ಕಾಣದ ಸಂಗಾತಿಯನ್ನು ಹುಡುಕುವುದು ಗಣಿಗಾರರ ಹಳೆಯ ಜಾಣ್ಮೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನಮ್ಮ ತರ್ಕಶಾಸ್ತ್ರದ ಅನುಮಾನಕ್ಕೆ ಇದು ಹತ್ತಿರದ್ದು. ಆದರೆ ಹೊಗೆಯಷ್ಟು ಗಟ್ಟಿಯಾದ ಹೇತುವಲ್ಲ.

ಪ್ರಷ್ಯದ ಗಣಿಗಳಲ್ಲಿ ಸೇವೆಗೆ ನಿಂತ ಹಂಬೋಲ್ಟರು 1793ರಲ್ಲಿ ಸ್ಟೇಬೆನ್ ಎಂಬಲ್ಲಿ ಗಣಿಕಾರ್ಮಿಕರಿಗಾಗಿ ಸ್ವಂತ ಹಣದಿಂದ ಶಾಲೆಯೊಂದನ್ನು ತೆರೆದರು. ಕೆಟ್ಟ ಗಾಳಿಯಲ್ಲಿಯೂ ಉರಿಯುವ ದೀಪವನ್ನು ನಿರ್ಮಿಸಿ, ತಾವೇ ಪರೀಕ್ಷಿಸಲು ಹೋಗಿ ಪ್ರಾಣಾಪಾಯದಿಂದ ಪಾರಾದರು. 1799ರಿಂದ 1804ರವರೆಗಿನ ಅಮೆರಿಕ ಯಾತ್ರೆ ಲೋಕವಿಖ್ಯಾತವಾದದ್ದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹಿಮಾಲಯವನ್ನು ಕಾಣುವ ಅವರ ಹಂಬಲಕ್ಕೆ ಮಾತ್ರ ಈಸ್ಟ್ ಇಂಡಿಯಾ ಕಂಪನಿಯ ಅನುಮತಿ ದೊರೆಯಲೇ ಇಲ್ಲ.

1829ರಲ್ಲಿ, ಅರುವತ್ತರ ಹೊಸ್ತಿಲಲ್ಲಿ, ರಷ್ಯದ ಅರ್ಥಸಚಿವ ಕಾಂಕ್ರಿನರ ಆಹ್ವಾನದಂತೆ ಯೂರಲ್ ಪರ್ವತಗಳಿಗೆ ಹೊರಟರು. ಅಲ್ಲಿಯ ಮರಳಿನಲ್ಲಿ ಬಂಗಾರವೂ ಪ್ಲಾಟಿನಮ್ಮೂ ಕೂಡಿ ದೊರೆಯುತ್ತಿದ್ದವು. ಬ್ರೆಜಿಲ್ ದೇಶದಲ್ಲಿ ಇವೆರಡರ ನೆರೆಯಲ್ಲಿ ವಜ್ರವೂ ಇದ್ದಿತು. ಹಂಬೋಲ್ಟರು ಬ್ರೆಜಿಲಿನ ಆ ಗಣಿಗಳನ್ನು ಕಣ್ಣಾರೆ ಕಂಡವರಲ್ಲ; ಎಶ್ವೆಗೆ ಮೊದಲಾದವರ ಬರಹಗಳಿಂದ ಅರಿತವರು. ಡೋರ್ಪಾಟಿನ ಪ್ರಾಧ್ಯಾಪಕ ಎಂಗೆಲ್ಹಾರ್ಟರೂ ಈ ಹೋಲಿಕೆಯನ್ನು ಮೊದಲೇ ಗುರುತಿಸಿದ್ದರು. ಆದರೂ ರಷ್ಯದ ವಜ್ರವಿಲ್ಲದೆ ಮರಳಿ ಬಾರೆನೆಂದು ಸಾಮ್ರಾಜ್ಞಿಗೆ ಮಾತು ಕೊಡುವ ಧೈರ್ಯ ಹಂಬೋಲ್ಟರದು. ತಪ್ಪಿದ್ದರೆ ನಗೆಪಾಟಲಾಗುವುದು ನಿಶ್ಚಯವಿದ್ದಿತು.

ಹೋದಲ್ಲೆಲ್ಲ ತೊಳೆದ ಮರಳಿನ ಶೇಷವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ವಜ್ರ ಸಿಕ್ಕಲಿಲ್ಲ. ಜೊತೆಗೆ ಪಯಣಿಸುತ್ತಿದ್ದ ಕೌಂಟ್ ಪೋಲಿಯೆ ಜುಲೈ ಮೊದಲಲ್ಲಿ ಅವರನ್ನು ಬೀಳ್ಕೊಂಡು, ತಮ್ಮ ಪತ್ನಿಯ ಜಮೀನಿಗೆ ತೆರಳಿ ಅಲ್ಲಿ ಹುಡುಕಿಸಿದರು. ಕೆಲವೇ ದಿನಗಳಲ್ಲಿ ಬಂಗಾರದ ಮರಳನ್ನು ಜಾಲಿಸುತ್ತಿದ್ದ ಪಾವೆಲ್ ಪೊಪೊವ್ ಎಂಬ ಜೀತದ ಬಾಲಕನ ಕೈಗೆ ಯೂರಲಿನ ಮೊದಲ ವಜ್ರ ಬಂದಿತು. ಅವನಿಗೆ ಹದಿನಾಲ್ಕರ ಪ್ರಾಯವೆನ್ನುತ್ತಾರೆ. ಊಹಿಸಿದವರು ಆ ವೇಳೆ ಸ್ಥಳದಲ್ಲಿರಲಿಲ್ಲ.

ಊಹೆ ಫಲಿಸಿತು, ಹೇತುವು ಸಡಿಲವಾಗಿತ್ತು. ಬಂಗಾರ, ಪ್ಲಾಟಿನಂ, ವಜ್ರಗಳು ಒಂದೇ ತಾಯಿಬಂಡೆಯ ಮಕ್ಕಳಲ್ಲ. ಸವೆಯದೆ ಉಳಿಯುವ ಭಾರದ ಕಣಗಳಾದ್ದರಿಂದ ಹೊಳೆಯ ನೀರು ಅವನ್ನು ಒಂದೆಡೆ ತಂದು ಕೂಡಿಸುತ್ತದೆ. ಬಂಗಾರವಿದ್ದಲ್ಲೆಲ್ಲ ವಜ್ರವಿರಬೇಕೆಂಬ ವ್ಯಾಪ್ತಿ ಇದರಿಂದ ಸಿದ್ಧಿಸದು. ವಜ್ರದ ನಿಜವಾದ ಒಡನಾಡಿ ಪೈರೋಪ್ ಎಂಬ ಕೆಂಪು ಗಾರ್ನೆಟ್. ಅದರ ಜಾಡನ್ನು ಹಿಡಿದೇ 1954ರಲ್ಲಿ ಲಾರಿಸಾ ಪೊಪುಗಾಯೆವಾ ಎಂಬ ಮಹಿಳೆ ಸೈಬೀರಿಯದ ಯಾಕೂತಿಯದಲ್ಲಿ ವಜ್ರದ ತಾಯಿಬಂಡೆಯನ್ನು ಕಂಡರು.

ದಾಸ್ಯವನ್ನು ಅಮೆರಿಕದಲ್ಲಿ ಕಟುವಾಗಿ ಖಂಡಿಸಿದ್ದ ಹಂಬೋಲ್ಟರು ರಷ್ಯದಲ್ಲಿ ಜೀತದ ವಿಷಯವಾಗಿ ಬಾಯಿ ತೆರೆಯಲಿಲ್ಲ. ಜಡಪ್ರಕೃತಿಯನ್ನಷ್ಟೇ ಕುರಿತು ಬರೆಯುವುದಾಗಿ ಕಾಂಕ್ರಿನರಿಗೆ ಒಪ್ಪಿಕೊಂಡಿದ್ದರು. ಯಾತ್ರೆಯ ವೆಚ್ಚ ರಾಜಬೊಕ್ಕಸದ್ದು. ಈ ಮೌನ ಅವರ ಕೀರ್ತಿಗೆ ತಕ್ಕುದಲ್ಲ. ವಜ್ರವನ್ನು ಕಂಡ ಬಾಲಕನಿಗೆ ಬಹುಮಾನವಾಗಿ ಸ್ವಾತಂತ್ರ್ಯ ದೊರೆಯಿತು. ಅವನೊಡನೆ ಮರಳು ತೊಳೆಯುತ್ತಿದ್ದವರು ಜೀತದಲ್ಲಿಯೇ ಉಳಿದರು. ಪ್ರಷ್ಯದ ನೆಲವನ್ನು ಮೆಟ್ಟಿದ ಗುಲಾಮನು ಆ ಕ್ಷಣವೇ ಸ್ವತಂತ್ರನೆಂಬ ಶಾಸನವನ್ನು 1857ರಲ್ಲಿ ಹಂಬೋಲ್ಟರು ಮಾಡಿಸಿದರು. ರಷ್ಯದ ಜೀತಗಾರರ ಬಿಡುಗಡೆಯಾದದ್ದು 1861ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1859ರ ಮೇ 6ರಂದು, ಅವರು ಬರ್ಲಿನ್ನಿನಲ್ಲಿ ದಿವಂಗತರಾಗಿದ್ದರು.